ಜಾಕ್‌ವೆಲ್ಲಿನ ಗಡಿಯಾರ ಸರಿಯಾದ ದಿನ

ಪೈಪಿನ ಬಾಯಿಂದ ಗಾಳಿ ಬೀಸಿತು. ನಡೆದದ್ದು ಇಷ್ಟೇ ಎಂದು ಹೇಳಿದರೆ ಕೇಳಿದವರಿಗೆ ಏನೂ ಅನ್ನಿಸುವುದಿಲ್ಲ. ಆದರೆ ಆ ಗಾಳಿಯ ತಂಪು, ಅದರ ಜೊತೆ ಬಂದ ಪಾಚಿಯ ವಾಸನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಬಸ್ಸಿನಲ್ಲಿ ಮುಂದಿನವರು ಕಿಟಕಿ ಸರಿಸಿದಾಗ, ಕಚೇರಿಯಲ್ಲಿ ಯಾರೋ ಫ್ಯಾನು ಹಾಕಿದಾಗ, ಒಂದು ಕ್ಷಣ ನಾನು ಮತ್ತೆ ಆ ತೊಟ್ಟಿಯ ತಳದಲ್ಲಿ ಬಗ್ಗಿ ನಿಂತಿರುತ್ತೇನೆ.

ಕಾಗವಾಡ ತಾಲೂಕಿನ ನದಿದಂಡೆಯ ಒಂದು ಊರು. ಅಲ್ಲಿಯ ರೈತರು ತಾವೇ ಕೂಡಿ ಏತ ನೀರಾವರಿ ಸಂಘ ಕಟ್ಟಿಕೊಂಡಿದ್ದಾರೆ. ಕೃಷ್ಣೆಯ ದಂಡೆಗೆ ಅವರ ಜಾಕ್‌ವೆಲ್ ಇದೆ. ಅಂದರೆ ನದಿಯ ನೀರು ಒಳಗೆ ಬಂದು ನಿಲ್ಲುವ ಆಳವಾದ ಬಾವಿ, ಅದರ ತಲೆಯ ಮೇಲೆ ಮೋಟರುಗಳ ಮನೆ. ಅಲ್ಲಿಂದ ಹೊರಟ ಕಬ್ಬಿಣದ ಪೈಪು ಕಬ್ಬಿನ ಹೊಲಗಳ ನಡುವೆ ಮೈಲುಗಟ್ಟಲೆ ಏರುತ್ತ ಹೋಗಿ, ದಿಬ್ಬದ ಮೇಲಿನ ಕಾಂಕ್ರೀಟು ತೊಟ್ಟಿಯಲ್ಲಿ ಬಾಯಿ ತೆರೆಯುತ್ತದೆ. ಆ ತೊಟ್ಟಿಗೆ ಅವರು ಚೇಂಬರ್ ಅನ್ನುತ್ತಾರೆ. ಚೇಂಬರಿನಿಂದ ನೀರು ಕಾಲುವೆಗಳಿಗೆ ಇಳಿದು, ಪಾಳಿಯ ಪ್ರಕಾರ ಒಬ್ಬೊಬ್ಬರ ಹೊಲ ಸೇರುತ್ತದೆ. ಚಿಕ್ಕೋಡಿಯ ನಮ್ಮ ಸಣ್ಣ ಕಚೇರಿ ಇಂಥ ಮೋಟರುಗಳು ಗೊತ್ತುಮಾಡಿದ ವೇಳೆಗೆ ತಾವಾಗಿ ಶುರುವಾಗಿ ತಾವಾಗಿ ನಿಲ್ಲುವ ವ್ಯವಸ್ಥೆ ಮಾಡಿಕೊಡುತ್ತದೆ. ವೇಳೆಗಳೆಲ್ಲ ಇರುವುದು ಡೇಟಾಬೇಸಿನಲ್ಲಿ. ಅದು ನನ್ನ ಜವಾಬ್ದಾರಿ.

ಸಂಘದ ಚೇರಮನ್ನರು ಫೋನು ಮಾಡಿದ್ದು ಒಂದು ಸಣ್ಣ ತಕರಾರಿಗೆ. ಹಳೆಯ ಕಂಪ್ಯೂಟರು ಸಿಡಿಲಿಗೆ ಸುಟ್ಟು, ನಮ್ಮ ಕಚೇರಿಯವರು ಹೊಸದನ್ನು ಕೂಡಿಸಿ ಬಂದಿದ್ದರು. ಅಂದಿನಿಂದ ಮೋಟರು ಸಂಜೆ ಶುರುವಾದರೆ ಮೊಬೈಲಿಗೆ ಬರುವ ಸಂದೇಶದಲ್ಲಿ ಮಧ್ಯಾಹ್ನದ ವೇಳೆ ಇರುತ್ತಿತ್ತು. ನೀರೇನೋ ಸರಿಯಾಗಿ ಬರುತ್ತಿದೆ, ಆದರೆ ಮಂದಿ ನಗುತ್ತಾರೆ, ಒಮ್ಮೆ ಬಂದು ನೋಡಿ ಹೋಗಿ ಎಂದರು.

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಅಂಕಲಿ, ಮಾಂಜರಿ ದಾಟಿ, ಕಬ್ಬಿನ ಟ್ರಾಕ್ಟರುಗಳ ಹಿಂದೆ ಹಿಂದೆ ಸ್ಕೂಟರು ಓಡಿಸಿಕೊಂಡು ಹೋದೆ. ಜಾಕ್‌ವೆಲ್ಲಿನ ಆಪರೇಟರು ಬಾಗಿಲಲ್ಲೇ ನಿಂತಿದ್ದರು. ಐವತ್ತರ ಆಸುಪಾಸಿನ ಮನುಷ್ಯ, ಮಾತಿಗೊಮ್ಮೆ ತಮಾಷೆ.

“ಬರ್ರಿ ಮೇಡಮ್ಮಾರ. ನಮ್ಮ ಮೋಟರ್ ಲಂಡನ್ನಿಗೆ ಹೋಗೈತಿ, ನಾವಷ್ಟ ಇಲ್ಲೆ ಉಳದೀವಿ” ಎಂದರು.

ತಮಾಷೆಗೆ ಹೇಳಿದರೂ ಅವರು ರೋಗವನ್ನೇ ಹೇಳಿದ್ದರು. ಡೇಟಾಬೇಸನ್ನು ಈಗ ಗಂಟೆ ಎಷ್ಟು ಎಂದು ಕೇಳಿದೆ. ಗೋಡೆಯ ಗಡಿಯಾರಕ್ಕಿಂತ ಸರಿಯಾಗಿ ಐದೂವರೆ ತಾಸು ಹಿಂದಿನ ವೇಳೆ ಹೇಳಿತು. ನಮ್ಮ ದೇಶದ ವೇಳೆ ಗ್ರೀನಿಚ್ ವೇಳೆಗಿಂತ ಐದೂವರೆ ತಾಸು ಮುಂದೆ. ಹಾಗಾದರೆ ಈ ಡೇಟಾಬೇಸು ತಾನು ಗ್ರೀನಿಚ್ಚಿನಲ್ಲಿದ್ದೇನೆ ಎಂದು ತಿಳಿದುಕೊಂಡಿದೆ. ಇಂಥದ್ದನ್ನು ಮೊದಲೂ ಕಂಡಿದ್ದೆ. ಕಂಪ್ಯೂಟರಿನ ವೇಳಾವಲಯ, ಅಂದರೆ ಟೈಮ್ ಝೋನ್, ತಪ್ಪಿರುತ್ತದೆ, ತಿದ್ದಿದರೆ ಮುಗಿಯಿತು.

ಆದರೆ ಕಂಪ್ಯೂಟರಿನ ವೇಳಾವಲಯ ತಪ್ಪಿರಲಿಲ್ಲ. ಪರದೆಯ ಮೂಲೆಯ ಗಡಿಯಾರ ಸರಿ ಇತ್ತು. ವಲಯ ಭಾರತ ಎಂದೇ ಇತ್ತು. ಡೇಟಾಬೇಸಿನ ಸೆಟ್ಟಿಂಗು ತೆಗೆದು ನೋಡಿದರೆ ಅಲ್ಲಿ ಒಂದೇ ಪದವಿತ್ತು: ಸಿಸ್ಟಮ್. ಅಂದರೆ, ನಾನೇನೂ ಹೇಳುವುದಿಲ್ಲ, ನಾನು ಕೂತಿರುವ ಕಂಪ್ಯೂಟರು ಯಾವ ವೇಳೆ ಅನ್ನುತ್ತದೋ ಅದೇ ನನ್ನ ವೇಳೆ. ಕಂಪ್ಯೂಟರು ಭಾರತ ಅನ್ನುತ್ತಿದೆ. ಅದನ್ನೇ ಕೇಳಿ ನಡೆಯುತ್ತೇನೆ ಅನ್ನುವ ಡೇಟಾಬೇಸು ಗ್ರೀನಿಚ್ ಅನ್ನುತ್ತಿದೆ. ಒಂದೇ ಪೆಟ್ಟಿಗೆಯೊಳಗೆ ಎರಡು ದೇಶ.

ಮಧ್ಯಾಹ್ನದವರೆಗೆ ಅದರ ಬೆನ್ನು ಹತ್ತಿದೆ. ನಮ್ಮ ಪ್ರೋಗ್ರಾಮೇ ಎಲ್ಲಾದರೂ ವೇಳೆ ಕಳೆಯುತ್ತಿದೆಯೇ ಎಂದು ನೋಡಿದೆ, ಇಲ್ಲ. ಡೇಟಾಬೇಸಿಗೆ ನಾನು ತೆರೆದ ಒಂದು ಸಂಪರ್ಕಕ್ಕೆ ಮಾತ್ರ ವಲಯದ ಹೆಸರು ಕೊಟ್ಟು ಪರೀಕ್ಷೆ ಮಾಡಲು ಹೋದೆ. ಅಂಥ ಹೆಸರೇ ಗೊತ್ತಿಲ್ಲ ಎಂದಿತು. ಊರುಗಳ ಹೆಸರಿನಿಂದ ವೇಳೆ ತಿಳಿಯುವ ಕೋಷ್ಟಕಗಳನ್ನು ಬೇರೆಯಾಗಿ ತುಂಬಬೇಕು, ಇಲ್ಲಿ ಯಾರೂ ತುಂಬಿರಲಿಲ್ಲ. ಇಳಿಸಿಕೊಳ್ಳೋಣವೆಂದರೆ ಅಂದು ಇಂಟರ್‌ನೆಟ್ ಸಿಗಲಿಲ್ಲ. ನನ್ನ ಮೊಬೈಲು ಒಮ್ಮೆ ನಮ್ಮ ಕಡೆಯ ಟವರು, ಒಮ್ಮೆ ಮಹಾರಾಷ್ಟ್ರದ ಟವರು ಹಿಡಿಯುತ್ತ ಎರಡೂ ಕಡೆ ನಿಲ್ಲದೆ ಒದ್ದಾಡುತ್ತಿತ್ತು.

ಕೊನೆಗೆ ಉತ್ತರ ಸಿಕ್ಕಿದ್ದು ಎರಡು ವೇಳೆಗಳನ್ನು ಹೋಲಿಸಿದಾಗ. ಡೇಟಾಬೇಸು ಯಾವಾಗ ಚಾಲೂ ಆಯಿತು ಎಂದು ನೋಡಿದೆ, ಕಂಪ್ಯೂಟರಿನ ವಲಯವನ್ನು ಯಾವಾಗ ತಿದ್ದಿದ್ದಾರೆ ಎಂದು ನೋಡಿದೆ. ತಿದ್ದಿದ್ದು ಆಮೇಲೆ. ಡೇಟಾಬೇಸು ತಾನು ಎಲ್ಲಿದ್ದೇನೆಂದು ಕಂಪ್ಯೂಟರನ್ನು ಕೇಳುವುದು ಒಂದೇ ಸಲ, ಏಳುವಾಗ. ಅದು ಎದ್ದಾಗ ಕಂಪ್ಯೂಟರು ಗ್ರೀನಿಚ್ ಎಂದಿತ್ತು. ಮರುದಿನ ನಮ್ಮ ಕಚೇರಿಯವರು ಯಾರೋ ಚಿಕ್ಕೋಡಿಯಲ್ಲೇ ಕೂತು ಕಂಪ್ಯೂಟರನ್ನು ತಿದ್ದಿದ್ದರು, ಆದರೆ ಡೇಟಾಬೇಸು ಮತ್ತೆ ಕೇಳಲೇ ಇಲ್ಲ. ಇನ್ವರ್ಟರಿನ ದೆಸೆಯಿಂದ ಕರೆಂಟು ಹೋದರೂ ಕಂಪ್ಯೂಟರು ಆರಿರಲಿಲ್ಲ. ಹೀಗಾಗಿ ವಾರಗಟ್ಟಲೆ ಅದು ಎದ್ದಾಗ ಕೇಳಿದ್ದನ್ನೇ ನಂಬಿಕೊಂಡು ಕೂತಿತ್ತು.

ಹಾಗಿದ್ದರೆ ನೀರು ಸರಿಯಾದ ವೇಳೆಗೆ ಹೇಗೆ ಬರುತ್ತಿತ್ತು? ಆಪರೇಟರನ್ನು ಕೇಳಿದೆ. ಅವರು ನಕ್ಕು, ಸಂಜೆ ಆರಕ್ಕೆ ಮೋಟರು ಬೇಕಾದರೆ ಹನ್ನೆರಡೂವರೆ ಎಂದು ಬರೆಯುತ್ತೇನೆ ಎಂದರು. ಮೊದಲ ದಿನವೇ ತಪ್ಪನ್ನು ಕಂಡುಹಿಡಿದು, ಅಂದಿನಿಂದ ಪ್ರತಿಯೊಂದು ವೇಳೆಯನ್ನೂ ಐದೂವರೆ ತಾಸು ಹಿಂದೆ ಸರಿಸಿ ಹಾಕುತ್ತ ಬಂದಿದ್ದರಂತೆ. ಮುಂದಿನ ವಾರದ ಪಾಳಿಯೆಲ್ಲ ಹಾಗೆಯೇ ತುಂಬಿತ್ತು. ತಪ್ಪಿದ ಗಡಿಯಾರ, ಅದಕ್ಕೆ ಸರಿಯಾಗಿ ತಪ್ಪಿಸಿ ಬರೆದ ವೇಳೆ. ಎರಡೂ ಕೂಡಿ ನೀರು ಸರಿಯಾಗಿ ಹರಿಯುತ್ತಿತ್ತು.

ಅಷ್ಟರಲ್ಲಿ ಚೇರಮನ್ನರು ಬಂದರು. ದ್ರಾಕ್ಷಿ ತೋಟದಿಂದ ನೇರ ಬಂದಿದ್ದರು, ಕೈಯಲ್ಲಿ ಇನ್ನೂ ಕತ್ತರಿ. ನಾನು ಕಂಡದ್ದನ್ನು ವಿವರಿಸಿದೆ. ಅವರು ಎಲ್ಲ ಕೇಳಿ, ಸಂದೇಶದ ವೇಳೆ ಅಷ್ಟು ತಿದ್ದಿ, ಉಳಿದದ್ದನ್ನು ಮುಟ್ಟಬೇಡಿ ಎಂದರು. ಯಾಕೆಂದರೆ ಹೊಸ ಕಂಪ್ಯೂಟರು ಬಂದಮೇಲೆ ಪಾಳಿಯ ಜಗಳ ನಿಂತಿತ್ತು. ಆ ಊರಿನಲ್ಲಿ ನೀರಿನ ದಿನ ಶುರುವಾಗುವುದು ಬೆಳಕು ಹರಿದಾಗ. ಸೋಮವಾರದ ಪಾಳಿಯೆಂದರೆ ಸೋಮವಾರ ಬೆಳಗಿನಿಂದ ಮಂಗಳವಾರ ಬೆಳಗಿನವರೆಗೆ. ಹಳೆಯ ಕಂಪ್ಯೂಟರು ನಡುರಾತ್ರಿಗೆ ತಾರೀಖು ಬದಲಿಸಿ, ಒಬ್ಬನ ಪಾಳಿಯ ಅರ್ಧ ನೀರನ್ನು ಮರುದಿನದವನ ಹೆಸರಿಗೆ ಬರೆಯುತ್ತಿತ್ತಂತೆ. ಹೊಸದು ಬೆಳಗಿನ ಐದೂವರೆಗೆ ತಾರೀಖು ಬದಲಿಸುತ್ತದೆ. ಗ್ರೀನಿಚ್ಚಿನ ನಡುರಾತ್ರಿ ಅಂದರೆ ನಮ್ಮಲ್ಲಿ ಕೋಳಿ ಕೂಗಿದ ಹೊತ್ತು.

“ನಮ್ಮ ದಿನ ಯಾವಾಗ ಹೊಂಡತೈತಿ ಅಂತ ಇದಕ್ಕ ಗೊತ್ತೈತ್ರಿ. ಮೊದಲಿಂದಕ್ಕ ಗೊತ್ತಿರಲಿಲ್ಲ” ಎಂದರು ಚೇರಮನ್ನರು.

ನಾನು ಕೂತಲ್ಲೇ ಬೆರಗಾದೆ. ಕಡಲಾಚೆಯ ಒಂದು ಊರಿನ ನಡುರಾತ್ರಿ ಬಂದು ಕೃಷ್ಣೆಯ ದಂಡೆಯ ರೈತರ ಬೆಳಗಿಗೆ ಹೀಗೆ ಕೂಡಿಕೊಂಡಿತ್ತು. ತಪ್ಪೊಂದು ಇಷ್ಟು ಚೆನ್ನಾಗಿ ಹೊಂದಿಕೊಂಡರೆ ಅದನ್ನು ತಪ್ಪೆಂದು ಹುಡುಕುವವರು ಯಾರು?

ಬಿಡುವಂತಿರಲಿಲ್ಲ. ಕಂಪ್ಯೂಟರು ಯಾವಾಗ ಆರಿ ಹೊತ್ತಿದರೂ ಡೇಟಾಬೇಸು ಮತ್ತೆ ಕೇಳುತ್ತದೆ, ಭಾರತ ಎಂಬ ಉತ್ತರ ಸಿಗುತ್ತದೆ, ಆಗ ಆಪರೇಟರು ಬರೆದಿಟ್ಟ ವೇಳೆಗಳೆಲ್ಲ ಬುಡಮೇಲಾಗುತ್ತವೆ. ವಲಯವನ್ನೂ ಬರೆದ ವೇಳೆಗಳನ್ನೂ ಒಟ್ಟಿಗೆ ತಿದ್ದಬೇಕು. ಅದಕ್ಕೆ ಮೋಟರು ನಿಂತಿರಬೇಕು. ಆ ಹೊತ್ತಿಗೆ ಪಾಳಿ ನಡೆದಿತ್ತು, ನೀರು ಹೊಲದಲ್ಲಿತ್ತು, ನಡುವೆ ನಿಲ್ಲಿಸುವುದು ಆಗದ ಮಾತು. ಮರುದಿನ ಅಮಾವಾಸ್ಯೆ, ಹೇಗೂ ಮೋಟರಿಗೆ ಬಿಡುವು. ಬೆಳಿಗ್ಗೆ ಬಂದು ತಿದ್ದುತ್ತೇನೆ ಎಂದೆ. ಆಗದು ಎಂದು ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು.

ಅಮಾವಾಸ್ಯೆಯ ದಿನ ಅವರು ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಹಾಗೆಯೇ ಮೋಟರನ್ನೂ ಮುಟ್ಟುವುದಿಲ್ಲ. ಹಿಂದಿನ ದಿನವೇ ಮೋಟರಿನ ಸ್ವಿಚ್ಚುಗಳಿರುವ ಪ್ಯಾನೆಲ್ಲನ್ನು ಒರೆಸಿ, ಅರಿಷಿಣ ಕುಂಕುಮ ಹಚ್ಚಿ, ಹೂ ಏರಿಸಿ, ಬಾಗಿಲು ಹಾಕಿಬಿಟ್ಟರೆ ಮರುದಿನ ಸಂಜೆ ದೀಪ ಹಚ್ಚಿ ಕಾಯಿ ಒಡೆಯುವವರೆಗೆ ಯಾರೂ ಅದರ ಮೇಲೆ ಕೈ ಇಡುವಂತಿಲ್ಲ. ಕಾಯಿ ಒಡೆದ ಮೇಲೆ ಆರಕ್ಕೆ ಮೋಟರು ಶುರು. ಆ ಬಿಡುವಿನಲ್ಲಿ ಮನೆಗೊಬ್ಬರಂತೆ ದಿಬ್ಬಕ್ಕೆ ಹೋಗಿ ಚೇಂಬರ್ ತೊಳೆಯುತ್ತಾರೆ. ಕಂಪ್ಯೂಟರೂ ಆ ಪ್ಯಾನೆಲ್ಲಿನೊಳಗೇ ಇದ್ದುದರಿಂದ ಅದಕ್ಕೂ ಹೂ ಬೀಳುತ್ತಿತ್ತು. ಸಂಜೆ ಕಾಯಿ ಒಡೆದ ಕೂಡಲೇ, ಮೋಟರು ಶುರುವಾಗುವ ಮುಂಚೆ ತಿದ್ದಿರಿ, ಅಲ್ಲಿಯವರೆಗೆ ನಮ್ಮ ಜೊತೆ ದಿಬ್ಬಕ್ಕೆ ಬನ್ನಿ ಎಂದರು. ಚೇಂಬರಿನ ತಳದಲ್ಲಿ ನೀರಿನ ಮಟ್ಟ ಅಳೆಯುವ ನಮ್ಮ ಸೆನ್ಸರ್ ಇತ್ತು, ತೊಟ್ಟಿ ಖಾಲಿ ಇದ್ದಾಗಲೇ ಅದನ್ನು ನೋಡಲು ಬರುವುದು. ಒಪ್ಪಿದೆ.

ಮೋಟರು ಕೈಯಿಂದ ಓಡಬೇಕೋ ತಾನಾಗಿ ಓಡಬೇಕೋ ಎಂದು ಗೊತ್ತುಮಾಡುವ ಸೆಲೆಕ್ಟರ್ ಸ್ವಿಚ್ಚು ಆಟೋದಲ್ಲೇ ಇತ್ತು. ಅದನ್ನು ನಾವು ಮೂವರೂ ನೋಡಿದ್ದೆವು. ಕೈಯಿಂದ ಮೋಟರು ಶುರುಮಾಡುತ್ತಿದ್ದ ದಿನಗಳಲ್ಲಿ ಮುಟ್ಟದ ಮೋಟರು ನಿಂತ ಮೋಟರೇ ಆಗಿತ್ತು. ಮುಟ್ಟಬಾರದು ಅನ್ನುವ ಪದ್ಧತಿಯೇ ಅವರಿಗೆ ಬೀಗವಾಗಿತ್ತು. ಈಗಿನ ಮೋಟರು ಹಾಗಲ್ಲ. ಯಾರೂ ಮುಟ್ಟದಿದ್ದರೇ ಅದು ತಾನಾಗಿ ಓಡುತ್ತದೆ. ಇಷ್ಟು ಸರಳವಾದ ಮಾತು ಅಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮರುದಿನ ದಿಬ್ಬದ ಮೇಲೆ ಹಬ್ಬದ ಹಾಗಿತ್ತು. ಚೇಂಬರು ಎರಡಾಳೆತ್ತರದ ತೊಟ್ಟಿ, ಇಳಿಯಲು ಒಂದು ಕಬ್ಬಿಣದ ಏಣಿ. ಪೈಪಿನೊಳಗಿನ ನೀರನ್ನು ಹಿಂದಿನ ಸಂಜೆಯೇ ಕೆಳಗಿನ ವಾಲ್ವು ಬಿಚ್ಚಿ ನದಿಗೆ ಇಳಿಸಿ, ವಾಲ್ವು ಮತ್ತೆ ಮುಚ್ಚಿದ್ದರು. ಗಂಡಸರು ತಳದ ಕೆಸರು ಕೆರೆಯುತ್ತಿದ್ದರು, ಹೆಂಗಸರು ಬುಟ್ಟಿಯಲ್ಲಿ ತುಂಬಿ ಮೇಲೆ ಕೊಡುತ್ತಿದ್ದರು. ಮಾತು ಅರ್ಧ ಕನ್ನಡ ಅರ್ಧ ಮರಾಠಿ. ಎಲ್ಲರಿಗಿಂತ ಹಿರಿಯರೊಬ್ಬರು, ಊರಿಗೆಲ್ಲ ಕಾಕಾ, ತಲೆಗೆ ಕೆಂಪು ರುಮಾಲು ಸುತ್ತಿ ಪೈಪಿನ ಬಾಯೊಳಗೇ ಹೊಕ್ಕಿದ್ದರು. ಕೂತುಕೊಂಡು ಸರಿಯುವಷ್ಟು ಅಗಲದ ಪೈಪು ಅದು. ಗೋಡೆಗೆ ಅಂಟಿದ ಪಾಚಿ, ಶಂಖದ ಹುಳ ಕೆರೆದು ಹೊರಗೆ ನೂಕುತ್ತಿದ್ದರು.

“ಕಾಕಾ, ಹಂಗ ಒಳಗ ಒಳಗ ಹೋಗಿ ನದ್ಯಾಗ ಹೊಂಡಬ್ಯಾಡ್ರಿ” ಎಂದು ಆಪರೇಟರು ಕೆಣಕಿದರು. ಒಳಗಿನಿಂದ ಕಾಕಾನ ದನಿ ಗುಂಯ್‌ಗುಡುತ್ತ ಬಂತು: “ಹೊಂಟರ ನಿನ್ನ ಮೋಟರ್ ಎಬ್ಬಿಸೇ ಬರತೇನಿ ಮಗನ.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಬೆಳಿಗ್ಗೆಯಿಂದ ಊರಲ್ಲಿ ಕರೆಂಟಿಲ್ಲ, ಲೈನಿನ ಕೆಲಸ ನಡೆದಿದೆ ಎಂದು ಯಾರೋ ಹೇಳಿದ್ದು ಕಿವಿಗೆ ಬಿದ್ದಿತ್ತು. ಇನ್ವರ್ಟರ್ ಇದೆಯಲ್ಲ ಎಂದು ಸುಮ್ಮನಿದ್ದೆ. ಅದರ ಬ್ಯಾಟರಿ ಎಷ್ಟು ಸವೆದಿತ್ತೆಂದು ತಿಳಿದದ್ದು ಆಮೇಲೆ. ಸೆನ್ಸರ್ ತೊಳೆದು ಕೂಡಿಸಿ, ನೀರು ಕುಡಿಯಲೆಂದು ಏಣಿ ಹತ್ತಿ ತೊಟ್ಟಿಯ ಅಂಚಿಗೆ ಬಂದೆ. ತೊಟ್ಟಿಯೊಳಗೆ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಮೇಲೆ ಬಂದ ಕೂಡಲೇ ಕಿಸೆಯಲ್ಲಿ ಅದು ನಡುಗಿತು. ತಡವಾಗಿ ತಲುಪಿದ ಒಂದು ಸಂದೇಶ. ಜಾಕ್‌ವೆಲ್ಲಿನ ವ್ಯವಸ್ಥೆ ಮರಳಿ ಚಾಲೂ ಆಗಿದೆ, ವೇಳೆ ಹನ್ನೊಂದು ನಲವತ್ತು.

ವೇಳೆ ಸರಿಯಾಗಿದೆಯಲ್ಲ ಎಂದುಕೊಂಡೆ. ಮೊದಲು ಬಂದದ್ದು ಸಂತೋಷ, ಅದನ್ನು ಬರೆಯದೆ ಇರಲಾರೆ. ವಾರಗಟ್ಟಲೆ ತಪ್ಪು ಹೇಳಿದ ಗಡಿಯಾರ ತಾನಾಗಿ ಸರಿಯಾಗಿತ್ತು. ತಲೆಯೆತ್ತಿ ನೋಡಿದೆ. ಸೂರ್ಯ ನೆತ್ತಿಯ ಮೇಲಿದ್ದ. ಹಳೆಯ ಲೆಕ್ಕದಲ್ಲಿ ಹನ್ನೊಂದು ನಲವತ್ತೆಂದರೆ ಸಂಜೆ ಐದು ದಾಟಿರಬೇಕು, ಸಂಜೆ ಇನ್ನೂ ಆಗಿಯೇ ಇಲ್ಲ. ಹಾಗಾದರೆ ಇನ್ವರ್ಟರ್ ಕೈಕೊಟ್ಟು ಕಂಪ್ಯೂಟರು ಆರಿ, ಕರೆಂಟು ಮರಳಿ ಬಂದಾಗ ಹೊತ್ತಿದೆ. ಡೇಟಾಬೇಸು ಎದ್ದಿದೆ, ಕೇಳಿದೆ, ಉತ್ತರ ಸಿಕ್ಕಿದೆ. ಈಗ ಅದು ಕೂತಿರುವುದು ಗ್ರೀನಿಚ್ಚಿನಲ್ಲಲ್ಲ, ನಮ್ಮ ಜೊತೆ, ಕೃಷ್ಣೆಯ ದಂಡೆಯಲ್ಲಿ. ಅದರ ಕೈಯಲ್ಲಿ ಆಪರೇಟರು ಬರೆದಿಟ್ಟ ವೇಳೆ ಇದೆ: ಹನ್ನೆರಡೂವರೆ.

ಮೊಬೈಲಿನಲ್ಲಿ ಆಗಲೇ ಹನ್ನೆರಡೂವರೆ ದಾಟಿತ್ತು.

ಏನೆಂದು ಕೂಗಿದೆನೋ ನೆನಪಿಲ್ಲ. ಮೋಟರು ಚಾಲೂ ಆಗಿದೆ ಎಂದಿರಬೇಕು. ಅಂಚಿನಲ್ಲಿದ್ದ ಆಪರೇಟರು ನನ್ನ ಮುಖ ನೋಡಿ ಏಣಿಯ ತಲೆಗೆ ಓಡಿದರು. ಬುಟ್ಟಿ ಹಿಡಿದ ಹೆಂಗಸೊಬ್ಬಳು “ವರ ಯಾ, ವರ ಯಾ” ಎಂದು ಮರಾಠಿಯಲ್ಲಿ ಎಲ್ಲರನ್ನೂ ಮೇಲೆ ಕರೆಯತೊಡಗಿದಳು. ಒಂದೇ ಏಣಿ. ಒಬ್ಬರ ಹಿಂದೊಬ್ಬರು ಹತ್ತಿದರು. ಯಾರೂ ನೂಕಾಡಲಿಲ್ಲ, ಅದು ಈಗಲೂ ನನಗೆ ಅಚ್ಚರಿ. ಕಾಕಾ ಮಾತ್ರ ಬರಲಿಲ್ಲ. ಪೈಪಿನೊಳಗೆ ಕೆರೆಯುವ ಸದ್ದು ನಡೆದೇ ಇತ್ತು.

ಕೊನೆಯವರು ಏಣಿ ಬಿಟ್ಟ ಕೂಡಲೇ ಆಪರೇಟರು ಇಳಿದರು. ಅವರ ಹಿಂದೆ ನಾನೂ ಇಳಿದೆ, ಯೋಚಿಸಿ ಇಳಿದದ್ದಲ್ಲ. ಪೈಪಿನ ಬಾಯಿಗೆ ಬಗ್ಗಿ ಕಾಕಾ ಎಂದು ಕೂಗಿದೆ. ಆಗ ಗಾಳಿ ಬೀಸಿತು.

ಮೊದಲು ಹಗುರಾಗಿ, ಯಾರೋ ಮುಖದ ಮೇಲೆ ಉಸಿರು ಬಿಟ್ಟ ಹಾಗೆ. ಆಮೇಲೆ ನಿಲ್ಲದೆ. ಮೈಲುಗಟ್ಟಲೆ ಉದ್ದದ ಆ ಖಾಲಿ ಪೈಪಿನ ಗಾಳಿಯನ್ನೆಲ್ಲ ಕೆಳಗಿನಿಂದ ಏರಿಬರುವ ನದಿ ನಮ್ಮ ಕಡೆ ದೂಡುತ್ತಿತ್ತು. ನೀರು ಕಾಣುತ್ತಿರಲಿಲ್ಲ, ಸದ್ದೂ ಇರಲಿಲ್ಲ. ಅದರ ಮುಂದೋಡುವ ಗಾಳಿಯಷ್ಟೇ ಇತ್ತು. ಕೆರೆಯುವ ಸದ್ದು ನಿಂತಿತು. ಕಾಕಾನಿಗೂ ತಿಳಿದಿತ್ತು. ಮೊದಲು ಅವರ ಕೆಂಪು ರುಮಾಲು ಬಿಚ್ಚಿಕೊಂಡು ಹಾರುತ್ತ ಹೊರಗೆ ಬಂದು ನನ್ನ ಹೆಗಲ ಮೇಲಿಂದ ಹೋಯಿತು. ಅದರ ಹಿಂದೆ ಎರಡು ಕೈ. ಆಪರೇಟರು ಒಂದು ಕೈ, ನಾನು ಒಂದು ಕೈ ಹಿಡಿದು ಎಳೆದೆವು. ಅವರ ಮೊಣಕಾಲು ಸುಲಿದು ರಕ್ತವಾಗಿತ್ತು. ಕಾಕಾ ಏಣಿ ಹತ್ತುವಾಗ ಒಮ್ಮೆಯೂ ಹಿಂದೆ ನೋಡಲಿಲ್ಲ, ನಾನು ನೋಡಿದೆ.

ಪೈಪು ಕೆಮ್ಮಿತು. ಒಂದು ಸಲ ಗಾಳಿ, ಒಂದು ಸಲ ಕೆಂಪು ರಾಡಿ ನೀರು, ಮತ್ತೆ ಗಾಳಿ. ಕಾಂಕ್ರೀಟು ನಡುಗಿದ್ದು ಏಣಿಯ ಮೂಲಕ ಅಂಗೈಗೆ ತಿಳಿಯಿತು. ನಾನು ಅಂಚಿಗೆ ಕಾಲಿಟ್ಟಾಗ ನೀರು ಬಂತು. ಪೈಪಿನ ಬಾಯಿ ತುಂಬ, ಒಂದೇ ದಪ್ಪದ ಕಂಬದ ಹಾಗೆ ಬಂದು ಎದುರಿನ ಗೋಡೆಗೆ ಅಪ್ಪಳಿಸಿ ಮೇಲೆದ್ದಿತು. ನಾವು ಬಿಟ್ಟುಬಂದ ಬುಟ್ಟಿಗಳು, ಸಲಿಕೆಗಳು ಎಲ್ಲಿ ಹೋದವೋ ಕಾಣಲಿಲ್ಲ. ರುಮಾಲು ಒಮ್ಮೆ ಕೆಂಪಗೆ ಕಂಡು, ಕಾಲುವೆಯ ಕಡೆ ಹೊರಟುಹೋಯಿತು.

ದಿನಾ ಆ ನೀರನ್ನು ಕಂಡವರೇ ಎಲ್ಲರೂ, ಆದರೆ ಮೊದಲ ಸಲ ಕಂಡವರ ಹಾಗೆ ನಿಂತಿದ್ದರು. ನನ್ನ ತಲೆಯಲ್ಲಿ ಒಂದೇ ಇತ್ತು. ಪರದೆಯ ಮೇಲಿನ ಸಿಸ್ಟಮ್ ಎಂಬ ಒಂದೇ ಪದ ಒಂದು ನದಿಯನ್ನು ಇಷ್ಟು ಮೇಲಕ್ಕೆ ಎತ್ತಿ ಒಗೆದಿತ್ತು.

ಮೋಟರು ಆರಿಸಬೇಕಿತ್ತು. ಬೈಕು ತಿರುಗಿಸಿಕೊಂಡ ಆಪರೇಟರು ಕಿಕ್ ಹೊಡೆಯದೆ ನಿಂತರು. ಕಾಯಿ ಇನ್ನೂ ಒಡೆದಿರಲಿಲ್ಲ. ಅವರು ಕಾಕಾನ ಕಡೆ ನೋಡಿ ಮೆಲ್ಲಗೆ ಕೇಳಿದರು: “ಮುಟ್ಟಲೇನ್ರಿ ಕಾಕಾ?”

ಕಾಕಾ ಮೊಣಕಾಲಿಗೆ ಮಣ್ಣು ಒತ್ತಿಕೊಳ್ಳುತ್ತ ಕೂತಿದ್ದರು.

“ಅದಽ ನಮ್ಮನ್ನ ಮುಟ್ಟಾಕ ಬಂದಿತ್ತಲ್ಲೋ” ಎಂದರು. “ಹೋಗು, ಆರಿಸು.”

ಆ ಮಧ್ಯಾಹ್ನವೇ ಕೆಲಸಕ್ಕೆ ಕೂತೆ. ಸೆಲೆಕ್ಟರನ್ನು ಬಂದ್ ಮಾಡಿಸಿ, ಯಾವುದಿಲ್ಲದೆ ಮೋಟರು ಏಳಲಾರದೋ ಆ ಕಂಟ್ರೋಲ್ ಫ್ಯೂಜು ಕೀಳಿಸಿ, ಆಮೇಲೆ ಡೇಟಾಬೇಸು ತೆರೆದೆ. ಆಪರೇಟರು ಹಿಂದೆ ಸರಿಸಿ ಬರೆದಿದ್ದ ವೇಳೆಗಳನ್ನು ಒಂದೊಂದಾಗಿ ಓದುತ್ತ ಹೋದರು, ನಾನು ತಿದ್ದುತ್ತ ಹೋದೆ. ಸಿಸ್ಟಮ್ ಎಂಬ ಪದ ತೆಗೆದು, ಗ್ರೀನಿಚ್ಚಿಗಿಂತ ಐದೂವರೆ ತಾಸು ಮುಂದೆ ಎಂದು ಅಂಕೆಯಲ್ಲೇ ಬರೆದೆ. ಊರಿನ ಹೆಸರೂ ಬೇಡ, ಯಾರನ್ನೂ ಕೇಳುವುದೂ ಬೇಡ. ಕಂಪ್ಯೂಟರಿಗೆ ಬೇಕೆಂದೇ ತಪ್ಪು ವಲಯ ಕೊಟ್ಟು, ಮತ್ತೆ ಮತ್ತೆ ಆರಿಸಿ ಹೊತ್ತಿಸಿ ನೋಡಿದೆ. ಡೇಟಾಬೇಸು ಅಲುಗಲಿಲ್ಲ. ವ್ಯವಸ್ಥೆ ಆರಿ ಎದ್ದರೆ, ಮನುಷ್ಯರೊಬ್ಬರು ಎದುರು ನಿಂತು ಹೂಂ ಅನ್ನುವವರೆಗೆ ಮೋಟರಿಗೆ ಅಪ್ಪಣೆ ಕೊಡದಂತೆ ಮಾಡಿದೆ. ಪಾಳಿಯ ದಿನ ಬೆಳಗಿನ ಐದೂವರೆಗೇ ಶುರುವಾಗಬೇಕೆಂದು ಪ್ರೋಗ್ರಾಮಿನಲ್ಲಿ ನೇರವಾಗಿ ಬರೆದೆ. ಗ್ರೀನಿಚ್ಚಿನ ನೆರವಿಲ್ಲದೆ ಅವರ ಬೆಳಗು ಅವರಿಗೇ ಉಳಿಯಿತು. ಚೇರಮನ್ನರು ಅದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಸಂಜೆ ಕಾಯಿ ಒಡೆದರು. ಮೋಟರು ಆರಕ್ಕೆ ಶುರುವಾಯಿತು, ಸಂದೇಶದಲ್ಲೂ ಆರೇ ಇತ್ತು. ಯಾರೂ ತಮಾಷೆ ಮಾಡಲಿಲ್ಲ.

ಮುಂದಿನ ಅಮಾವಾಸ್ಯೆಗೆ ಕರೆಯದೆಯೇ ಹೋದೆ. ಪ್ಯಾನೆಲ್ಲಿಗೆ ಹೂ ಏರಿಸಿದ್ದರು, ಆದರೆ ಬಾಗಿಲು ಇನ್ನೂ ಹಾಕಿರಲಿಲ್ಲ. ಊರವರು ತಾವೇ ಕೂತು ಪದ್ಧತಿ ಬದಲಿಸಿದ್ದರು. ಅಮಾವಾಸ್ಯೆ ಬೆಳಿಗ್ಗೆ ಮೊದಲು ಮೋಟರನ್ನು ಮುಟ್ಟಬೇಕು, ಆಮೇಲೆ ಸಂಜೆಯವರೆಗೆ ಬಿಡಬೇಕು. ಕಾಕಾ ಹೊಸ ರುಮಾಲು ಸುತ್ತಿ ಬಂದಿದ್ದರು, ಅದೂ ಕೆಂಪೇ. ಆಪರೇಟರು ಸೆಲೆಕ್ಟರ್ ತಿರುಗಿಸಿ, ಫ್ಯೂಜು ಕಿತ್ತು ಅವರ ಅಂಗೈಗೆ ಹಾಕಿದರು. ಕಾಕಾ ಅದನ್ನು ಕಣ್ಣಿಗೊತ್ತಿ, ರುಮಾಲಿನ ಚುಂಗಿಗೆ ಗಂಟು ಹಾಕಿಕೊಂಡರು.

ದಿಬ್ಬದ ಮೇಲೆ, ಪೈಪಿನೊಳಗೆ ಹೊಗುವ ಮುಂಚೆ, ನನ್ನ ಕಡೆ ತಿರುಗಿ, “ಬಾ ತಂಗಿ, ನೋಡು” ಎಂದರು.

ಏಣಿ ಇಳಿದು ಹೋಗಿ ಪೈಪಿನ ಬಾಯಿಗೆ ಅಂಗೈ ಹಿಡಿದೆ. ಬಹಳ ಹೊತ್ತು ಹಿಡಿದೇ ಇದ್ದೆ. ಒಳಗಿನ ಕತ್ತಲು ಅಲುಗಲಿಲ್ಲ. ಗಾಳಿ ಇಲ್ಲ ಕಾಕಾ ಎಂದೆ. ಕಾಕಾ ರುಮಾಲಿನ ಗಂಟು ಮುಟ್ಟಿ ನೋಡಿಕೊಂಡು, ಸಲಿಕೆ ಎತ್ತಿಕೊಂಡು ಒಳಗೆ ಹೋದರು.